ಹರಳಿನೊಳಗಿನ ನೀರು

ಆಸ್ಪತ್ರೆಯ ಔಷಧಿ ಬೆರೆಸುವ ಕೋಣೆಯಲ್ಲಿ ಹನ್ನೊಂದು ವರ್ಷ ತಕ್ಕಡಿ ಹಿಡಿದವಳು ಅವಳು. ವೈದ್ಯರು ಮೋಲ್ ಲೆಕ್ಕದಲ್ಲಿ, ಅಂದರೆ ಕಣಗಳ ಎಣಿಕೆಯಲ್ಲಿ, ಬರೆದದ್ದನ್ನು ಗ್ರಾಂಗೆ ತಿರುಗಿಸಿ ತೂಗುವುದು ಅವಳ ಕೆಲಸ. ಆ ದಿನ ಫಿಟ್ಸ್ ಬಂದಿದ್ದ ಬಾಣಂತಿಯೊಬ್ಬಳಿಗೆ ಎಂಬತ್ತು ಮಿಲಿಮೋಲ್ ಮೆಗ್ನೀಸಿಯಂ ಸಲ್ಫೇಟ್ ಬೇಕಿತ್ತು. ಆ ಲೆಕ್ಕ ಅವಳಿಗೆ ಬಾಯಿಪಾಠ: ಹತ್ತೊಂಬತ್ತು ಮುಕ್ಕಾಲು ಗ್ರಾಂ. ಹೊಸದಾಗಿ ಬಂದಿದ್ದ ಡಬ್ಬಿ ತೆರೆದು ತೂಗಿ, ಡ್ರಿಪ್‌ಗೆ ಬೆರೆಸಿ ವಾರ್ಡಿಗೆ ಕಳಿಸಿ, ಮಧ್ಯಾಹ್ನ ಪಾಳಿ ಮುಗಿಸಿ ಮನೆಗೆ ಬಂದಳು.

ಮಗಳು ಮೇಜಿನ ತುಂಬ ಪುಸ್ತಕ ಹರಡಿಕೊಂಡಿದ್ದಳು. ಈ ಮೋಲ್ ಕಂಡುಹಿಡಿದವನು ಕೈಗೆ ಸಿಕ್ಕರೆ ಹೋಂವರ್ಕ್ ಅವನಿಂದಲೇ ಮಾಡಿಸುತ್ತೇನೆಂದು ಗೊಣಗುತ್ತ ಒಂದು ಲೆಕ್ಕ ತೋರಿಸಿದಳು. ಮೆಗ್ನೀಸಿಯಂ ಸಲ್ಫೇಟಿನ ನೀರು ಸೇರಿದ ಹರಳು ಒಂದು ಮೋಲ್, ಅದರದೇ ಒಣ ಪುಡಿ ಒಂದು ಮೋಲ್, ತೂಕ ಎಷ್ಟೆಷ್ಟು? ತಾಯಿ ವಿವರಿಸಿದಳು. ಲೋಹದ ಪರಮಾಣುಗಳು ಎರಡರಲ್ಲೂ ಅಷ್ಟೇ, ಆದರೆ ಹರಳು ನೀರನ್ನೂ ಹೊತ್ತಿರುವುದರಿಂದ ಅದರ ತೂಕ ಹೆಚ್ಚುಕಡಿಮೆ ಎರಡರಷ್ಟು.

"ಹಾಗಾದ್ರೆ ಹರಳಿನ ಲೆಕ್ಕ ಇಟ್ಕೊಂಡು ಒಣ ಪುಡಿ ತೂಗಿದ್ರೆ ಡಬಲ್ ಹೋಗ್ಬಿಡುತ್ತಲ್ವಾ ಅಮ್ಮ?"

ತಾಯಿ ತಟ್ಟನೆ ಎದ್ದು ಫೋನ್ ಕೈಗೆತ್ತಿಕೊಂಡಳು. ತನ್ನ ಬಾಯಿಪಾಠದ ಲೆಕ್ಕ ಹರಳಿನದು; ಬೆಳಿಗ್ಗೆ ಚಮಚದಲ್ಲಿ ತೆಗೆದದ್ದು ಹರಳಲ್ಲ, ಹಿಟ್ಟಿನಂಥ ಪುಡಿ. ಡಬ್ಬಿಯ ಮೇಲೆ ‘ನಿರ್ಜಲ’ ಎಂದು ಬರೆದಿತ್ತು. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿರಲಿಲ್ಲ.

ವಾರ್ಡಿನ ಫೋನ್ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಮೂರನೆಯ ಸಲ ಹಿರಿಯ ನರ್ಸ್ ಎತ್ತಿದರು.

"ಅಕ್ಕ, ಆ ಬಾಣಂತಿ ಡ್ರಿಪ್ ಈಗಲೇ ನಿಲ್ಲಿಸಿ. ಔಷಧಿ ಎರಡರಷ್ಟು ಬಿದ್ದಿದೆ. ತಪ್ಪು ನಂದು."

ಓಡಿದ ಹೆಜ್ಜೆ ಕೇಳಿಸಿತು. ಆಮೇಲೆ ಏನೂ ಇಲ್ಲ. ಕೊನೆಗೆ ನರ್ಸ್ ದನಿ ಬಂತು: "ನಿಲ್ಲಿಸಿದ್ದೀನಿ. ಮಂಡಿ ತಟ್ಟಿದ್ರೆ ಕಾಲು ಅಲ್ಲಾಡ್ತಿಲ್ಲ. ಉಸಿರೂ ನಿಧಾನ ಆಗಿದೆ. ನೀನು ಬಾ."

ಆಸ್ಪತ್ರೆಗೆ ಎರಡೇ ಬೀದಿ. ಜೀವ ಬಾಯಿಗೆ ಬಂದವಳಂತೆ ಓಡುತ್ತಲೇ, ಇಷ್ಟು ಹೊತ್ತಿಗೆ ಎಷ್ಟು ಒಳಗೆ ಹೋಗಿರಬಹುದೆಂದು ಲೆಕ್ಕ ಹಾಕಿದಳು. ಪ್ರತಿ ಸಲವೂ ಬೇರೆ ಉತ್ತರ ಬಂತು.

ವೈದ್ಯರು ಆ ಔಷಧಿಯ ಪ್ರಭಾವ ಇಳಿಸುವ ಕ್ಯಾಲ್ಸಿಯಂ ಚುಚ್ಚಿ ಕಾಯುತ್ತಿದ್ದರು. ಅವಳು ಗೋಡೆಗೊರಗಿ ಬಾಣಂತಿಯ ಎದೆ ಏರುವುದನ್ನೇ ನೋಡುತ್ತ ನಿಂತಳು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಯುಗ ಕಳೆದಂತಿತ್ತು. ಮುಕ್ಕಾಲು ಗಂಟೆಯಾದ ಮೇಲೆ ನರ್ಸ್ ಮತ್ತೆ ಮಂಡಿ ತಟ್ಟಿದಾಗ ಪಾದ ತುಸು ಎಗರಿತು. ಇನ್ನು ಭಯವಿಲ್ಲ ಎಂದರು ವೈದ್ಯರು.

ಮಗುವನ್ನೆತ್ತಿಕೊಂಡಿದ್ದ ಬಾಣಂತಿಯ ತಾಯಿ, ನೀನು ಯಾರಮ್ಮ ಎಂದು ಕೇಳಿದರು. ತಪ್ಪು ತೂಗಿದವಳು ತಾನೇ ಎಂದು ಅವಳು ಮುಚ್ಚಿಡದೆ ಹೇಳಿದಳು.

ಆ ಹೆಂಗಸು ಮಗುವನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ನಿನ್ನ ನೋಡಿದ್ರೇ ಭಯ ಆಗುತ್ತೆ. ಆಚೆ ಇರು."

ಅವಳು ಹೊರಗಿನ ಬೆಂಚಿನಲ್ಲಿ ಕೂತು, ನಡೆದದ್ದನ್ನೆಲ್ಲ ಕಾಗದದ ಮೇಲೆ ಬರೆದು ಸಹಿ ಹಾಕಿದಳು. ಅಕ್ಷರಗಳು ಅವಳವೆಂದು ಅವಳಿಗೇ ಗುರುತು ಸಿಗಲಿಲ್ಲ.