ಚಕ್ರದೊಳಗಿನ ನೀಲಿ

ಬ್ರೇಕಿಗೆ ಬಣ್ಣ ಆರಿಸಲು ಹೋದವಳು ಗಂಡನ ಹೊಸ ಹೆಸರು ಕೇಳಿಸಿಕೊಂಡು ಬಂದೆ. ಇದನ್ನು ನಗುನಗುತ್ತ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಸಿಟ್ಟಿನಲ್ಲೇ ಹೇಳುತ್ತೇನೆ, ಕೇಳುವುದಿದ್ದರೆ ಕೇಳಿ.

ನಾನು ಮೀರಾಬಾಯಿ ಕಾಂಬಳೆ. ಊರು ಡಾಬಕಾ, ಔರಾದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಗಂಡ ಪಂಢರಿ ಒಂಬತ್ತು ಸೀಟಿನ ಗಾಡಿ ಓಡಿಸುತ್ತಾರೆ, ಗಾಡಿ ನನ್ನ ಹೆಸರಿನಲ್ಲಿದೆ. ಅದು ಎರಡನೆಯ ಬರದ ವರ್ಷ. ಹೊಲದಲ್ಲಿ ಕೆಲಸವಿಲ್ಲದೆ ಜನ ಊರು ಬಿಟ್ಟು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಭಾಲ್ಕಿ ಸ್ಟ್ಯಾಂಡಿನಿಂದ ಅವರನ್ನು ವಾರಕ್ಕೆ ಮೂರು ಸಲ ಮುಟ್ಟಿಸುವುದು ಪಂಢರಿಯ ಕೆಲಸ.

ಮಾರ್ಚಿನಲ್ಲಿ ಒಂದು ದಿನ, ಬೀದರ ದಾಟಿ ಜಹೀರಾಬಾದ ಕಡೆಗಿನ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿಯಲೇ ಇಲ್ಲ. ಒಳಗೆ ಒಂಬತ್ತು ಜನ, ಮೇಲೆ ಪಾತ್ರೆ-ಹಾಸಿಗೆಯ ಗಂಟುಗಳು. ರಸ್ತೆಬದಿಯ ಮುರುಮು ಮಣ್ಣಿನ ಗುಡ್ಡೆಗೆ ಗಾಡಿಯನ್ನು ಒರಗಿಸಿ ಹೇಗೋ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದ ಮನುಷ್ಯ ಮಾತ್ರ ಎರಡು ದಿನ ಗಾಡಿಯ ಕೀಲಿ ಮುಟ್ಟಲಿಲ್ಲ. ಮುಂದಿನ ಚಕ್ರಗಳಿಗೆ ದೊಡ್ಡ ಕ್ಯಾಲಿಪರ್ ಹಾಕಿಸಲೇಬೇಕೆಂದು ಹಟ ಹಿಡಿದವಳು ನಾನೇ. ಕ್ಯಾಲಿಪರ್ ಎಂದರೆ ಚಕ್ರದ ಒಳಗೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ಭಾಗ. ಅದು ದೊಡ್ಡದಿದ್ದಷ್ಟೂ ಹಿಡಿತ ಗಟ್ಟಿ.

ಬೀದರಿನ ಗ್ಯಾರೇಜಿನ ನಿಜಾಮೋದ್ದೀನ ಹೈದರಾಬಾದಿನಿಂದ ಅವನ್ನು ತರಿಸಿದ್ದ. ಹಳೆಯ ಮಾಲು, ಒಳಗೆಲ್ಲ ಗಟ್ಟಿ, ಮೇಲಿನ ಬಣ್ಣ ಮಾತ್ರ ಕಿತ್ತುಹೋಗಿತ್ತು. ಹಾಗೆಯೇ ಬಿಟ್ಟರೆ ತುಕ್ಕು ಹಿಡಿಯುತ್ತದೆ ಎಂದು ಬಣ್ಣದ ಕಾರ್ಡು ನನ್ನ ಕೈಗೆ ಕೊಟ್ಟ.

"ಎರಡು ನಮೂನಿ ಅದಾವ್ರಿ ಮೇಡಂ. ಸ್ಪ್ರೇ ಹೊಡದ್ರ ಇವತ್ತೇ ಮುಗೀತದ, ಖರೇ ಬ್ರೇಕಿನ ಕಾವಿಗಿ ಆರು ತಿಂಗಳದಾಗ ಹಪ್ಪಳದಂಗ ಏಳ್ತದ. ಪೌಡರ್ ಹಾಕಿ ಭಟ್ಟ್ಯಾಗ ಸುಟ್ರ ಗಾಡಿ ಇರೂ ತನಕ ಅದೇ ಬಣ್ಣ. ಆಮ್ಯಾಲ ಬದಲಿ ಮಾಡ್ರಿ ಅಂದ್ರ ನನ್ನ ಕೈಲಿ ಆಗಂಗಿಲ್ಲ ನೋಡ್ರಿ."

"ಕರಿ ಬಣ್ಣ ಹ್ಯಾಂಗ, ನಿಜಾಮಭಾಯಿ?"

"ಧೂಳು ಎದ್ದು ಕಾಣ್ತದ. ಕುಡೀಲಿಕ್ಕೇ ನೀರಿಲ್ಲ, ಗಾಡಿ ಎಲ್ಲಿ ತೊಳೀತೀರಿ? ಹಸಿರು ಹಾಕ್ಸಿದ್ರ ನನ್ನ ಗಾಡಿ ಅಂತಾರ, ಅದೂ ಬ್ಯಾಡ!" ಎಂದು ತಾನೇ ನಕ್ಕ.

ಕಾರ್ಡಿನಲ್ಲಿ ಹನ್ನೊಂದು ಬಣ್ಣಗಳಿದ್ದವು. ನನ್ನ ಬೆರಳು ನೀಲಿಯ ಮೇಲೆ ನಿಂತಿತು. ನಮ್ಮ ಓಣಿಯ ಬುದ್ಧ ವಿಹಾರದ ಮೇಲೆ ಹಾರುವ ಧ್ವಜದ ನೀಲಿ ಅದು. ನಮ್ಮ ತಂದೆ ಸಾಯುವ ತನಕ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ ಪೆನ್ನಿನ ನೀಲಿಯೂ ಅದೇ. ಚಂದ ಕಂಡಿತು, ಅಷ್ಟೇ. ನಮ್ಮ ಗಾಡಿಗೆ ನಮಗೆ ಚಂದ ಕಂಡ ಬಣ್ಣ ಹಾಕಿಸಲು ಯಾರಪ್ಪನ ಅಪ್ಪಣೆ ಬೇಕು?

"ಕೆಂಪು ಇರ್ಲಿ. ಸ್ಪ್ರೇ ಸಾಕು," ಎಂದರು ಪಂಢರಿ, ಕಾರ್ಡನ್ನು ನೋಡದೆಯೇ.

ಆಗಲೇ ಹಾವಗೆಪ್ಪ ಬಂದ. ಭಾಲ್ಕಿ ಸ್ಟ್ಯಾಂಡಿನಲ್ಲಿ ಜನರನ್ನು ಕೂಡಿಸಿ ಗಾಡಿ ಹತ್ತಿಸುವವನು ಇವನೇ. ಶುಕ್ರವಾರ ಹಲಬರ್ಗಾದ ಒಂಬತ್ತು ಜನ ಹೊರಡುವವರಿದ್ದರು, ಗಾಡಿ ತಯಾರಾಯಿತೇ ಎಂದು ನೋಡಲು ಬಂದಿದ್ದ. ನನ್ನನ್ನು ಅವನು ಮೊದಲ ಸಲ ನೋಡುತ್ತಿದ್ದದ್ದು. ಕೈ ಮುಗಿದು, ನನ್ನ ಬೆರಳಿನ ಕೆಳಗಿನ ಬಣ್ಣ ಕಂಡು ಗಾಬರಿಯಾದ.

"ಅಯ್ಯ, ನೀಲಿ ಬ್ಯಾಡ್ರಿ ವೈನಿ! ಅವ್ರ ಗಾಡಿ ಅಂತ ತಿಳಕೋತಾರ ಮಂದಿ. ಪಾಟೀಲರ ಗಾಡಿ ಅದ, ನಿಶ್ಚಿಂತಿ ಕುಂಡ್ರಿ ಅಂತ ಹೇಳಿ ಹತ್ತಸ್ತೇನಿ ನಾ. ಅದಕ್ಕೇ ನಿಮ್ಮ ಕ್ಯಾನಿನ ನೀರು ಕುಡೀತಾರ. ಇಲ್ದಿದ್ರ ಕುಡೀತಿದ್ರೇನು?"

ಪಾಟೀಲ! ನಾನು ಗಂಡನ ಮುಖ ನೋಡಿದೆ. ಅವರು ಚಕ್ರದ ಬೋಲ್ಟು ನೋಡುತ್ತಿದ್ದರು.

ಗಾಡಿಯಲ್ಲಿಡುವ ಆ ಕ್ಯಾನು ತುಂಬುತ್ತಿದ್ದವಳು ಯಾರು? ನಾನು. ನಸುಕಿನಲ್ಲಿ ಎದ್ದು, ವಿಹಾರದ ಬೋರಿನ ಮುಂದೆ ಕೊಡಗಳ ಸಾಲಿನಲ್ಲಿ ನಿಂತು, ಮನೆಗೆ ಬೇಕಾದದ್ದರಲ್ಲೂ ಕಡಿಮೆ ಮಾಡಿ ತುಂಬುತ್ತಿದ್ದೆ. ದಾರಿಯಲ್ಲಿ ಮಕ್ಕಳು ಮರಿ ಬಾಯಾರಿ ಕೂರಬಾರದೆಂದು ತುಂಬುತ್ತಿದ್ದೆ. ಆ ನೀರು ಪಾಟೀಲರದ್ದಾದರೆ ಸಿಹಿ, ಕಾಂಬಳೆಯದ್ದಾದರೆ ಗಂಟಲಲ್ಲಿ ಇಳಿಯುವುದಿಲ್ಲ! ಥೂ, ಮೈಯೆಲ್ಲ ಉರಿದುಹೋಯಿತು.

ಉರಿದರೂ ಅಲ್ಲಿ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮಕ್ಕಳ ಮುಂದೆ ದಿನಕ್ಕೆ ಆರು ತಾಸು ಮಾತಾಡುವವಳು ನಾನು, ಆ ಹೊತ್ತಿನಲ್ಲಿ ನಾಲಿಗೆ ಬಿದ್ದುಹೋದವಳಂತೆ ನಿಂತೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಪಂಢರಿ ಹಾವಗೆಪ್ಪನನ್ನು ಚಹಾ ಕುಡಿಯಲು ಹೊರಗೆ ಎಳೆದುಕೊಂಡು ಹೋದರು.

ನಿಜಾಮೋದ್ದೀನ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಗಾಡಿಯ ಕಾಗದ ನೋಡಿದವನಾದ್ದರಿಂದ ನಮ್ಮ ಹೆಸರು ಅವನಿಗೆ ಗೊತ್ತಿತ್ತು.

"ಏನ್ ಮಾಡ್ಲಿ ಹೇಳ್ರಿ ಮೇಡಂ? ಕೆಂಪು ಹೊಡೀಲೇನು?"

"ನೀಲಿ. ಪೌಡರ್ ಹಾಕಿ ಭಟ್ಟ್ಯಾಗ ಸುಡಸ್ರಿ."

"ಖರೇನ್ರಿ? ಮತ್ತ ತಗೀಲಿಕ್ಕ ಬರಂಗಿಲ್ಲ."

"ತಗ್ಯೂದು ಬ್ಯಾಡಂತೇ ಹೇಳ್ಲಿಕತ್ತೀನಿ."

ಅವನು ಕ್ಯಾಲಿಪರಿನ ಒಳಗಿನ ರಬ್ಬರುಗಳನ್ನು ಬಿಚ್ಚತೊಡಗಿದ. ಗೇಟು-ಗ್ರಿಲ್ಲುಗಳಿಗೆ ಪೌಡರ್ ಹಾಕುವ ಭಟ್ಟಿ ನೌಬಾದಿನಲ್ಲಿತ್ತು. ಎರಡು ದಿನ ಬೇಕೆಂದ, ಬುಧವಾರ ಸಂಜೆಗೆ ಗಾಡಿ ಕೊಟ್ಟ.

ಮನೆಯಲ್ಲಿ ನಡೆದದ್ದನ್ನು ಜಗಳ ಎಂದರೆ ಕಡಿಮೆಯಾದೀತು. "ಎಂದಿನಿಂದ ಪಾಟೀಲ ಆಗೀರಿ? ನಮ್ಮಪ್ಪ ನನ್ನ ಕೊಟ್ಟಿದ್ದು ಯಾರಿಗೆ?" ಎಂದು ಕೂಗಿದೆ. ಪಕ್ಕದ ಮನೆಯವರಿಗೆ ಕೇಳಲಿ ಎಂದೇ ಕೂಗಿದೆ. ಕೊನೆಗೆ ಅವರು ಹೇಳಿದರು.

"ಮೊದಲನೇ ವಾರ ಒಬ್ಬಾಂವ ಕ್ಯಾನಿನ ನೀರು ಲೋಟಾದಾಗ ಹಾಕೊಂಡ. ಕುಡೀಬೇಕು ಅನ್ನೂದ್ರಾಗ ನನ್ನ ಅಡ್ಡಹೆಸರು ಕೇಳ್ದ. ಹೇಳ್ದೆ. ನೀರು ರಸ್ತೆದ ಮ್ಯಾಲ ಚೆಲ್ಲಿದ, ಮೀರಾ. ನೀ ಪಾಳಿ ಹಚ್ಚಿ ತಂದ ನೀರು. ಮರುದಿನ ಹಾವಗೆಪ್ಪ ಕೇಳಿದಾಗ ಬಾಯಾಗ ಪಾಟೀಲ ಅಂತ ಬಂತು. ಬಂದದ್ದು ಬಂತು."

ಅವರ ಮೇಲೆ ಮರುಕ ಬಂತು, ಸುಳ್ಳೇಕೆ ಹೇಳಲಿ. ಊರೆಲ್ಲ ಹನಿ ನೀರಿಗೆ ಬಾಯಿ ಬಿಡುವಾಗ ಅದನ್ನು ಮಣ್ಣಿಗೆ ಚೆಲ್ಲಿದ ಆ ಕೈ ಮುರಿಯಬೇಕು ಅನಿಸಿತು. ಆದರೆ ಚೆಲ್ಲಿದವನು ತನ್ನ ಹೆಸರು ಬದಲಾಯಿಸಿಕೊಂಡನೇ? ಇಲ್ಲ. ನಾವು ಯಾಕೆ ಬದಲಾಯಿಸಬೇಕು?

"ಆದದ್ದು ಆತು. ಶುಕ್ರವಾರ ಹಾವಗೆಪ್ಪ ಬಣ್ಣ ನೋಡಿ ಕೇಳೇ ಕೇಳ್ತಾನ. ನೀವೇ ಹೇಳ್ರಿ, ನಾವು ಕಾಂಬಳೆ ಅಂತ. ಅಷ್ಟೇ ಸಾಕು ನನಗ," ಎಂದೆ. "ಹೇಳ್ತೇನಿ," ಎಂದರು. ನನ್ನ ಕಣ್ಣಿಗೆ ಕಣ್ಣು ಕೊಟ್ಟೇ ಹೇಳಿದರು.

ಶಾಲೆಗೆ ರಜೆ ಬಿದ್ದಿತ್ತು. ಮುಂದಿನ ಸೀಟಿನಲ್ಲಿ ನಾನೂ ಕೂತು ಹೋದೆ.

ಭಾಲ್ಕಿಯಲ್ಲಿ ಒಂಬತ್ತು ಜನ ಗಂಟು ಕಟ್ಟಿಕೊಂಡು ಕಾಯುತ್ತಿದ್ದರು. ನಾನೂ ಇದ್ದೆನಲ್ಲ, ಒತ್ತೊತ್ತಿ ಕೂತರು. ಮೇಲೆ ಸಾಮಾನು ಕಟ್ಟಿದ್ದೂ ಆಯಿತು. ಹಾವಗೆಪ್ಪ ಗಾಡಿಯ ಸುತ್ತ ಬಂದವನು ಮುಂದಿನ ಚಕ್ರದ ಮುಂದೆ ಬಗ್ಗಿ ನಿಂತ. ಬಿಸಿಲಿಗೆ ಆ ನೀಲಿ ಒಳಗಿಂದ ಲಕಲಕ ಹೊಳೆಯುತ್ತಿತ್ತು.

"ಇದೇನ್ರಿ ಪಾಟೀಲ್ರ, ನೀಲಿ ಹಾಕ್ಸೀರಿ? ಬ್ಯಾಡಂತ ಹೇಳಿದ್ನಲ್ಲ!"

ಒಳಗಿದ್ದವರು ಕುತ್ತಿಗೆ ಚಾಚಿದರು. ನಾನು ಗಂಡನ ಕಡೆ ತಿರುಗಿದೆ. ಪಂಢರಿ ಸ್ಟಿಯರಿಂಗ್ ಹಿಡಿದುಕೊಂಡೇ ಕಿಟಕಿಯಿಂದ ಹೊರಗೆ ಮುಖ ಹಾಕಿ ಹಲ್ಲು ಕಿರಿದರು.

"ಏನ್ ಮಾಡೂದ್ರಿ ಹಾವಗೆಪ್ಪ. ಅಂಗಡ್ಯಾಗ ಬ್ಯಾರೆ ಬಣ್ಣೇ ಇದ್ದಿಲ್ಲ."

ನಾನು ಬಾಗಿಲು ತೆಗೆದು ಕೆಳಗಿಳಿದೆ.

"ಇದ್ವುರಿ. ಹನ್ನೊಂದು ಬಣ್ಣ ಇದ್ವು. ಅದ್ರಾಗ ನೀಲಿ ಆರ್ಸಿದಾಕಿ ನಾನು. ನಾವು ಪಾಟೀಲರಲ್ಲ, ಡಾಬಕಾದ ಕಾಂಬಳೆಯವರು. ಕ್ಯಾನಿನ ನೀರು ತುಂಬಿದಾಕಿನೂ ನಾನೇ. ಇಷ್ಟು ದಿನ ಕುಡದವರಿಗಿ ಏನರೆ ಆಗೇದೇನು, ಕೇಳ್ರಿ ಅವ್ರಿಗಿ. ಕುಂಡ್ರೂವರು ಕುಂಡ್ರಿ, ಇಳಿಯೂವರು ಇಳೀರಿ. ಜೈ ಭೀಮ್."

ಹಾವಗೆಪ್ಪನ ಮುಖ ಚಿಕ್ಕದಾಯಿತು. ನಾಲ್ವರು ಇಳಿದರು. ಮೇಲೆ ಕಟ್ಟಿದ ಗಂಟುಗಳನ್ನು ಮತ್ತೆ ಬಿಚ್ಚಿಸಿಕೊಂಡರು, ಒಬ್ಬರೂ ನನ್ನ ಮುಖ ನೋಡಲಿಲ್ಲ. ನಡುವಿನ ಸೀಟಿನಲ್ಲಿದ್ದ ಕಸ್ತೂರಿಬಾಯಿ ಎಂಬ ಹೆಂಗಸಿನ ತೋಳನ್ನು ಅವಳ ಭಾವ ಹೊರಗಿನಿಂದ ಎಳೆದ. ಅವಳು ಕೈ ಕೊಸರಿಕೊಂಡಳು. "ಹೋದ ತಿಂಗಳು ಇದೇ ಗಾಡಿ ಇಳಿಜಾರದಾಗ ಓಡಿದಾಗ ನಾ ಇದ್ರಾಗೇ ಇದ್ದೆ. ನನ್ನ ಜೀವಾ ಉಳಸಿದಾಂವ ಈ ಮನಷ್ಯಾ. ನೀ ಬೇಕಂದ್ರ ಬ್ಯಾರೆ ಗಾಡಿ ಹುಡಿಕ್ಕೋ," ಎಂದಳು. ಅವಳ ಜೊತೆಗೆ ಇನ್ನೂ ನಾಲ್ವರು ಕೂತೇ ಉಳಿದರು.

ಬೀದರ ದಾಟಿದ ಮೇಲೆ ಪಂಢರಿ, ಹಿಂದಿನವರಿಗೆ ಕೇಳಿಸದಂತೆ, ಹಲ್ಲು ಕಚ್ಚಿ ಹೇಳಿದರು.

"ನಾಲ್ಕು ಮಂದಿ ಇಳದ್ರು. ಸಮಾಧಾನ ಆತೇನು ನಿನಗ?"

ನಾನು ದನಿ ತಗ್ಗಿಸಲಿಲ್ಲ.

"ಐದು ಮಂದಿ ಕುಂತಾರ. ಅವ್ರು ಕಾಂಬಳೆಯವ್ರ ಗಾಡ್ಯಾಗ ಕುಂತೀವಿ ಅಂತ ತಿಳದೇ ಕುಂತಾರ. ನೀವ್ ಯಾರ ಗಾಡಿ ಓಡಸ್ಲಿಕತ್ತೀರಿ, ಅದನ್ನ ಹೇಳ್ರಿ."