ಉಪ್ಪು ಬಿದ್ದ ಶಿರಾ

ಹರ್ಕೋರ್‌ಬಾ ಸಿಹಿ ಬಿಟ್ಟು ಮೂವತ್ತೊಂದು ವರ್ಷವಾಗಿತ್ತು. ಮನೆಯ ಬಾಲಕೃಷ್ಣ, ಅಂಗೈಯಗಲದ ಹಿತ್ತಾಳೆಯ ಲಾಲ್‌ಜಿ, ತನ್ನ ಕೈಯ ನೈವೇದ್ಯವನ್ನು ನಿಜವಾಗಿಯೂ ಉಂಡನೆಂಬ ಗುರುತು ಸಿಗುವವರೆಗೆ ಸಿಹಿ ಮುಟ್ಟೆನೆಂದು ಹಟ ಹಿಡಿದಿದ್ದಳು. ದಿನವೂ ಅವನನ್ನು ಎಬ್ಬಿಸಿ, ಮೀಯಿಸಿ, ಚಳಿಗೆ ಹತ್ತಿಯ ಅಂಗಿ ತೊಡಿಸಿ, ರವೆಯ ಸಿಹಿ ಶಿರಾ ಮಾಡಿ ಇಡುತ್ತಿದ್ದಳು. ಗುರುತು ಮಾತ್ರ ಇಲ್ಲ. ಗುಜರಾತಿನ ನಡಿಯಾದ್ ಊರಿನ ಆ ಓಣಿಯಲ್ಲಿ ಎಲ್ಲರ ಕನಸಿಗೂ ಲಾಲ್‌ಜಿ ಬರುತ್ತಿದ್ದ. ಇವಳ ಕನಸಿಗೆ ಹಾಲಿನವನು ಬರುತ್ತಿದ್ದ.

ದೇವರ ಅಡುಗೆಮನೆಯ ಕಟ್ಟು ಬಿಗಿ. ಮಿಂದು ಮಡಿಯುಟ್ಟವಳೇ ಮಾಡಬೇಕು, ಅವನಿಗಿಡುವ ಮೊದಲು ನಾಲಿಗೆಗೆ ತಾಗಿಸಬಾರದು, ಗುರುಗಳಿಂದ ಕೃಷ್ಣಸೇವೆಯ ದೀಕ್ಷೆ ಪಡೆಯದವರು ಹೊಸ್ತಿಲು ದಾಟಬಾರದು. ಸೊಸೆ ಹೇತಲ್ ಜೈನರ ಮನೆಯಿಂದ ಬಂದವಳು, ದೀಕ್ಷೆ ಪಡೆದಿರಲಿಲ್ಲ. ಹೊರಗೆ ಕೂತು ಪ್ರಸಾದಕ್ಕೆ ಕಾಯುವುದಷ್ಟೇ ಅವಳ ಪಾಲು. ಅತ್ತೆಯನ್ನು ಅವಳು ಕರೆಯುತ್ತಿದ್ದುದು 'ಬಾ', ಅಂದರೆ ಅಮ್ಮ, ಎಂದೇ. ಮುದುಕಿಗೆ ಅವಳ ಬಗ್ಗೆ ಸ್ವಲ್ಪ ತಾತ್ಸಾರವೂ ಇತ್ತು, ಸುಳ್ಳೇಕೆ ಹೇಳಬೇಕು.

ಹೋಳಿ ಹಬ್ಬಕ್ಕೆ ನಾಲ್ಕು ದಿನವಿರುವಾಗ ನಾದಿನಿ ಕಂಚನ್‌ಬೆನ್ ಸೂರತ್‌ನಿಂದ ಬಂದಳು. ಬಾಯಿಗೆ ಬೀಗವಿಲ್ಲದ ಹೆಂಗಸು. ಪ್ರಸಾದದ ಶಿರಾ ಬಾಯಿಗಿಟ್ಟವಳೇ ಮುಖ ಕಿವುಚಿದಳು.

"ಭಾಭಿ, ಇದೇನು, ಸಕ್ರೆ ಬದ್ಲು ಉಪ್ಪು ಸುರ್ದಿದ್ದೀಯ? ಪಾಪ, ಆ ಮಗೂಗೆ ಇದನ್ನೇ ತಿನ್ನಿಸ್ದಾ?"

ಹರ್ಕೋರ್‌ಬಾಳ ಕಣ್ಣಿಗೆ ಪೊರೆ ಬಂದಿತ್ತು, ಉಪ್ಪು ಸಕ್ಕರೆಯ ಎರಡೂ ಡಬ್ಬಿಗಳು ಒಂದೇ ಅಳತೆಯವು. ತಿರುಗಿ ನೋಡಿದರೆ ಹೇತಲ್‌ಳ ದೊನ್ನೆ ಆಗಲೇ ಖಾಲಿ.

"ನಿಂಗೆ ಗೊತ್ತಾಗ್ಲಿಲ್ವೇನೇ?"

"ಗೊತ್ತಾಯ್ತು ಬಾ. ದೀಪಾವಳಿಯಿಂದ ವಾರಕ್ಕೊಂದೆರಡು ಸಲ ಹಿಂಗೇ ಆಗ್ತಿದೆ."

"ಹೇಳೋಕೆ ಬಾಯಿಗೇನಾಗಿತ್ತು?"

"ಹೇಳಿದ್ರೆ, ಕಣ್ಣು ಕಾಣಲ್ಲ, ಇನ್ನು ಸೇವೆ ಆಗಲ್ಲ ಅಂತ ಲಾಲ್‌ಜಿನ ಬೇರೆಯವ್ರ ಮನೇಗೆ ಕಳಿಸ್ಬಿಡ್ತೀರಿ. ಆಮೇಲೆ ನೀವು ಉಳೀತೀರಾ?" ಹೇತಲ್ ದೊನ್ನೆಯನ್ನು ಮಡಚಿದಳು. "ಅವನೇ ಮಾತಾಡ್ದೆ ತಿಂದ್ಮೇಲೆ ನಾನ್ಯಾವಳು ಬಾ, ಬೇಡ ಅನ್ನೋಕೆ?"

ಮುದುಕಿ ಮೂವತ್ತೊಂದು ವರ್ಷ ಒಳಗೆ ಅವನ ಬಾಯನ್ನೇ ನೋಡುತ್ತಿದ್ದಳು. ಹೊಸ್ತಿಲಾಚೆ ಒಮ್ಮೆಯೂ ನೋಡಿರಲಿಲ್ಲ. ತನ್ನ ತಪ್ಪನ್ನು ತಿಂಗಳುಗಟ್ಟಲೆ ತುತ್ತು ಮಾಡಿ ನುಂಗಿದವರು ಇದೇ ಮನೆಯಲ್ಲಿದ್ದರು. ನಾಚಿಕೆಯಾಯಿತು. ಅದರ ಬೆನ್ನಿಗೇ, ಯಾವ ಸೇವೆಗೂ ಸಿಗದಿದ್ದ ಒಂದು ನೆಮ್ಮದಿ ಕೇಳದೆಯೇ ಬಂದು ಎದೆ ತುಂಬಿತು. ಪಾತ್ರೆ ಎಳೆದುಕೊಂಡು ಒಂದು ಹಿಡಿ ಶಿರಾ ಬಾಯಿಗೆ ಹಾಕಿಕೊಂಡಳು.

"ಬಾ, ನಿಮ್ಮ ವ್ರತ," ಎಂದಳು ಹೇತಲ್ ಗಾಬರಿಯಿಂದ.

"ಮುಗೀತು. ತಿಂದಿದಾನೆ, ಹೊಸ್ತಿಲಾಚೆ ಕೂತು."

"ಇಬ್ರಿಗೂ ತಲೆ ಕೆಟ್ಟಿದೆ," ಎಂದು ಕಂಚನ್‌ಬೆನ್ ನೀರು ಕುಡಿಯಲು ಎದ್ದಳು.

"ನಾಳೆ ಗುರುಗಳ ಹತ್ರ ಹೋಗೋಣ," ಎಂದಳು ಹರ್ಕೋರ್‌ಬಾ ಸೊಸೆಗೆ. "ದೀಕ್ಷೆ ತಗೋ. ಡಬ್ಬಿ ನೀನು ನೋಡು, ಸೌಟು ನಾನಾಡಿಸ್ತೀನಿ."

ಮಡಿಸೀರೆಯಲ್ಲೇ ಸೊಸೆಯ ಕೈ ಹಿಡಿದುಕೊಂಡಳು. ಮಡಿ ಕೆಟ್ಟಿತು, ಮಧ್ಯಾಹ್ನದ ನಿದ್ದೆಯಿಂದ ಮೂರು ಗಂಟೆಗೆ ಲಾಲ್‌ಜಿಯನ್ನು ಎಬ್ಬಿಸುವ ಮೊದಲು ಮತ್ತೆ ತಣ್ಣೀರು ಮೀಯಬೇಕಾಗುತ್ತದೆ ಎಂದು ಗೊತ್ತಿದ್ದೂ ಬಿಡಲಿಲ್ಲ.