ಕ್ಲಾರಿಯ ಬೋರಲು ಮಗ್ಗು

ವಿನಿಗೆ ವಯಸ್ಸು ಎಪ್ಪತ್ತೊಂಬತ್ತು, ಸಿಟ್ಟಿಗೆ ಮಾತ್ರ ಹದಿನೆಂಟು. ಉತ್ತರ ಕ್ವೀನ್ಸ್‌ಲ್ಯಾಂಡಿನ ಆ ಪುಟ್ಟ ಟಂಗ್‌ಸ್ಟನ್ ಗಣಿ ಮುಚ್ಚಿ ನಲವತ್ತು ವರ್ಷ ಆಯ್ತು, ಗಣಿಯವರ ಚಹಾ ಶೆಡ್ಡು ಇನ್ನೂ ನಿಂತಿತ್ತು. ಅಲ್ಲೊಂದು ಪದ್ಧತಿ. ಯಾರಾದ್ರೂ ಬುರುಡೆ ಬಿಟ್ರೆ ಅವನ ಮಗ್ಗು ಬೋರಲು ಹಾಕೋದು. ಮಾತು ನಿಜ ಅಂತ ತೋರಿಸೋವರೆಗೂ ಎತ್ತೋ ಹಾಗಿಲ್ಲ.

ವಿನಿಯ ಗಂಡ ಕ್ಲಾರಿ ಸತ್ತು ಹನ್ನೆರಡು ವರ್ಷ ಆದ್ರೂ ಅವನ ಮಗ್ಗು ಬೋರಲೇ. "ಹೊಳೆ ಆಚೇನೂ ಟಂಗ್‌ಸ್ಟನ್ ಇದೆ" ಅಂದಿದ್ದ, ಪಾಪ. ತಳ್ಳುಗಾಡೀಲಿ ಅಲ್ಲಿಂದ ಕಲ್ಲೂ ತಂದ. ಗಣಿಯ ಅದಿರು ಕಾಗೆಗಿಂತ ಕಪ್ಪು, ಇವನು ತಂದಿದ್ದು ಬೂದುಬಿಳಿ! ಊರು ನಕ್ಕ ಸದ್ದಿಗೆ ಗಿಳಿಗಳೆಲ್ಲ ಸಿಡ್ನಿಗೆ ಹಾರಿಹೋದ್ವು. ವಿನಿ ಆ ಕಲ್ಲಲ್ಲಿ ಕೋಳಿಗೂಡಿಗೆ ಕಟ್ಟೆ ಕಟ್ಟಿಕೊಂಡಳು.

ಈಗ ಶುಕ್ರವಾರ ಶೆಡ್ಡು ಕೆಡವ್ತಾರಂತೆ. ಅಷ್ಟರೊಳಗೆ ಮಗ್ಗು ಎತ್ತದಿದ್ರೆ ಕ್ಲಾರಿ ಪ್ರಳಯದವರೆಗೂ ಸುಳ್ಳುಗಾರ.

ಬುಧವಾರ ಗಣಿಯ ಕಲ್ಲುಪದರ ನೋಡೋಕೆ ನರೆಲ್ ಅನ್ನೋ ಹುಡುಗಿ ಬಂದಳು. ದಾರಿ ತೋರಿಸೋಕೆ ಹಳೇ ಮೇಸ್ತ್ರಿ ಡಗಲ್. ಆ ಮಗ್ಗು ಬೋರಲು ಹಾಕಿದ ಪುಣ್ಯಾತ್ಮ ಇವನೇ. ಕೋಳಿಗೂಡಿನ ಹತ್ರ ನರೆಲ್ ಒಂದು ಕಲ್ಲೆತ್ತಿ, "ಅಬ್ಬಾ, ಏನು ಭಾರ! ಅಜ್ಜಿ, ಕತ್ತಲೆ ಬೇಕು, ಒಂದು ಕಂಬಳಿ ಕೊಡಿ" ಅಂದಳು.

ಉರಿಬಿಸಿಲಲ್ಲಿ ಮೂರೂ ಜನ ಕಂಬಳಿಯೊಳಗೆ. ಒಂದು ಕೋಳೀನೂ ನುಗ್ಗಿತು.

"ಡಗಲಾ, ಸ್ನಾನ ಮಾಡಿ ಎಷ್ಟು ವರ್ಷ ಆಯ್ತೋ?"

"ಅದು ಕೋಳಿ ವಾಸನೆ ಮಾರಾಯ್ತಿ!"

ನರೆಲ್ ಅದಿರು ಪತ್ತೆಹಚ್ಚೋ ನೇರಳೆ ದೀಪ ಹಚ್ಚಿದಳು. ಕಲ್ಲು ನೀಲಿಯಾಗಿ ಹೊಳೀತು, ಚಂದ್ರನ ಚೂರು ಗೂಡಿಗೆ ಬಿದ್ದಂಗೆ.

"ಇದೂ ಟಂಗ್‌ಸ್ಟನ್ನೇ ಅಜ್ಜಿ. ಭೂಮಿಯೊಳಗಿನ ಬಿಸಿನೀರು ಬೆಣಚುಕಲ್ಲಲ್ಲಿ ಕಪ್ಪು ಅದಿರು ಬಿಟ್ಟಿದೆ, ಸುಣ್ಣಕಲ್ಲಿಗೆ ತಾಗಿದ ಕಡೆ ಬಿಳೀದು. ಎಲ್ಲಿಂದ ತಂದಿದ್ದು?"

"ಹೊಳೆ ಆಚೆಯಿಂದ."

"ಅದಕ್ಕೇನು ಸಾಕ್ಷಿ?" ಅಂದ ಡಗಲ್.

"ತಳ್ಳುಗಾಡಿ ಹೊಳೇಲಿ ಹೂತುಕೊಂಡಾಗ ನೂಕಿದ್ದು ಯಾರೋ? ಬೆನ್ನು ಹಿಡೀತು ಅಂತ ವಾರಗಟ್ಟಲೆ ಗೋಳಾಡಿದ್ದು ಯಾರೋ?"

ಡಗಲ್ ಕಂಬಳಿ ಸರಿಸಿ ಸೀದಾ ಶೆಡ್ಡಿಗೆ ಹೋದ. ಕ್ಲಾರಿಯ ಮಗ್ಗು ಎತ್ತಿ, ಒಳಗಿದ್ದ ಜೇಡ ಓಡಿಸಿ, ಅಂಗಿ ತುದೀಲಿ ಒರೆಸಿ ಮೊಳೆಗೆ ನೇತುಹಾಕಿದ. ಆಮೇಲೆ ತನ್ನ ಮಗ್ಗು ತೆಗೆದು ತಾನೇ ಬೋರಲು ಹಾಕಿದ.

ಹಿಂದೆಯೇ ಬಂದಿದ್ದ ವಿನಿ ಅಷ್ಟಕ್ಕೇ ಬಿಡ್ತಾಳಾ? ಕ್ಲಾರಿಯ ಮಗ್ಗನ್ನ ಮೊಳೆಯಿಂದ ಇಳಿಸಿ ಡಗಲ್ ಮುಂದೆ ಹಿಡಿದಳು.

"ಚಹಾ ಹಾಕೋ. ಎರಡು ಚಮಚ ಸಕ್ಕರೆ, ಅವನಿಗೆ ಹಾಕ್ತಿದ್ದ ಹಾಗೇ. ನಿನ್ನ ಮಗ್ಗು ಶುಕ್ರವಾರದವರೆಗೂ ಹಂಗೇ ಇರ್ಲಿ."